ಮೈಯೆಲ್ಲ ಬಿಸಿಯಾಯ್ತಾ ಮೇಷ್ಟ್ರೇ?

ಈ ಕಡೆ ತಲೆ ಹಾಕಿ ಮೂರು ತಿಂಗಳಾಯ್ತು. ಅಪ್ಪನಿಗೆ ಹುಷಾರಿರಲಿಲ್ಲ. ಈಗ ಆರಾಮಿದ್ದಾರೆ, ಬೆಳಿಗ್ಗೆ ತೋಟಕ್ಕೆ ಒಂದು ಸುತ್ತು ಹೋಗಿ ಬರ್ತಿದ್ದಾರೆ, ನನ್ನ ಕನ್ನಡದಲ್ಲಿ ತಪ್ಪು ಹುಡುಕೋ ಕೆಲಸವನ್ನೂ ಮತ್ತೆ ಶುರು ಮಾಡಿದ್ದಾರೆ. ಹಾಗಾಗಿ ಇದನ್ನು ಬರೆಯೋಕೆ ಧೈರ್ಯ ಬಂತು.

ಬರೆಯಬೇಕು ಅಂದುಕೊಂಡಿದ್ದು ಕಾಯಿಲೆ ಬಗ್ಗೆ ಅಲ್ಲ. ಸಿ.ಟಿ. ಸ್ಕ್ಯಾನಿಗೆ ಮುಂಚೆ ಕೈನರಕ್ಕೆ ಒಂದು ಇಂಜೆಕ್ಷನ್ ಕೊಡ್ತಾರಲ್ಲ, ಎಲ್ಲರೂ 'ಡೈ' ಅಂತಾರಲ್ಲ, ಅದು ಹೋಗಬಾರದ ದಾರಿಯಲ್ಲಿ ಹೋಗಿ ನಮ್ಮನ್ನು ಒಂದೂವರೆ ದಿನ ಆಟ ಆಡಿಸಿದ ಬಗ್ಗೆ. ಹೋಗಬಾರದ ದಾರಿ ಅನ್ನೋದು ತಪ್ಪು. ಅದಕ್ಕೆ ಆ ದಾರಿಯೂ ಇದೆ, ನಮಗೆ ಗೊತ್ತಿರಲಿಲ್ಲ ಅಷ್ಟೆ. ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಮೊದಲಿಂದ ಹೇಳ್ತೀನಿ.

ಗುರುವಾರ ಬೆಳಿಗ್ಗೆ ಅಪ್ಪನಿಗೆ ಹೊಟ್ಟೆಯ ಎಡಗಡೆಯಿಂದ ಬೆನ್ನಿಗೆ ಹೊಡೆಯೋ ಹಾಗೆ ನೋವು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಕರೆದುಕೊಂಡು ಹೋದದ್ದು ಅಮ್ಮ ಮತ್ತು ಪಕ್ಕದ ಮನೆಯವರು. ನೋವು ಎಲ್ಲಿಂದ ಅಂತ ಖಾತ್ರಿ ಇರಲಿಲ್ಲವಾದ್ದರಿಂದ ಸಂಜೆ ಐದು ಗಂಟೆಗೆ ಡೈ ಹಾಕಿ ಹೊಟ್ಟೆಯ ಸ್ಕ್ಯಾನ್ ಮಾಡಿದರು. ಎಡಗಡೆ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದೆ ಅಂದರು. ಫಿಲ್ಮು ಮತ್ತು ಸಿ.ಡಿ. ಕೈಗೆ ಬಂತು, ರಿಪೋರ್ಟು ನಾಳೆ. ನೋವಿನ ಇಂಜೆಕ್ಷನ್ ತಗೊಂಡು ಮನೆಗೆ ಬಂದರು.

ಶುಕ್ರವಾರ ಮಧ್ಯಾಹ್ನ ನೋವು ಜಾಸ್ತಿ ಆಯ್ತು. ನಾನು ಇಲ್ಲಿಂದ ಫೋನಲ್ಲೇ ಕೂಗಾಡಿ, ಕಾರು ಮಾಡಿಸಿ, ಬೆಂಗಳೂರಿಗೆ ಕರೆಸಿಕೊಂಡೆ. ರಾತ್ರಿ ಹನ್ನೊಂದರ ಸುಮಾರಿಗೆ ಇಲ್ಲಿನ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಇದ್ದೆವು. (ಹೆಸರು ಬೇಡ, ಯಾಕೆ ಬೇಡ ಅನ್ನೋದು ಮುಂದೆ ಗೊತ್ತಾಗುತ್ತೆ.) ಹೊರಡೋ ಗಡಿಬಿಡಿಯಲ್ಲಿ ಫಿಲ್ಮು, ಸಿ.ಡಿ. ಎರಡೂ ಊರಿನ ಮನೆಯ ಮಂಚದ ಮೇಲೇ ಉಳಿದಿದ್ದವು. ಅಮ್ಮ ಅದನ್ನು ನೆನೆದು ಪೇಚಾಡಿದಾಗ ನಾನೇ ಅಂದೆ: "ಇರ್ಲಿ ಬಿಡಮ್ಮ, ಇಲ್ಲಿಯವರು ಹೊರಗಿನ ಸ್ಕ್ಯಾನ್ ನೋಡೋದೇ ಇಲ್ಲ, ಹೊಸದು ಮಾಡಿಸ್ತಾರೆ." ಬೆಂಗಳೂರಿಗನ ಧಿಮಾಕು. ಡ್ಯೂಟಿ ಡಾಕ್ಟರ್ ಕೇಳಿದಾಗ "ನಿನ್ನೆ ಸ್ಕ್ಯಾನ್ ಆಗಿದೆ, ಸ್ಟೋನ್ ಅಂದಿದಾರೆ" ಅಂತ ಮಾತ್ರ ಹೇಳಿದೆ. ಅವರು ಕೇಸ್ ಶೀಟಿನಲ್ಲಿ 'ಹೊರಗೆ ಸ್ಕ್ಯಾನ್ ಆಗಿದೆ' ಅಂತ ಬರೆದರು. ಯಾವತ್ತು, ಡೈ ಹಾಕಿಯೋ ಹಾಕದೆಯೋ, ಏನೂ ಇಲ್ಲ. ಸ್ಕ್ಯಾನಿಗೆ ಕಳಿಸಿದ ಚೀಟಿಯಲ್ಲಿ ಅಷ್ಟೂ ಇರಲಿಲ್ಲ, ಬರೀ 'ಎಡಗಡೆ ನೋವು, ಕಲ್ಲಿರಬಹುದು'.

ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.6 ಬಂತು. ಸ್ವಲ್ಪ ಜಾಸ್ತಿ. ಹಾಗಾಗಿ ಡೈ ಬೇಡ, ಕಲ್ಲು ನೋಡೋಕೆ ಪ್ಲೇನ್ ಸ್ಕ್ಯಾನೇ ಸಾಕು ಅಂದರು. ಅದು ಸರಿಯಾದ ನಿರ್ಧಾರವೇ. ಆದರೆ ಇಲ್ಲೊಂದು ತಮಾಷೆ ನೋಡಿ. ಡೈ ಹಾಕುವವರಿಗೆ ಮಾತ್ರ ಒಂದು ಉದ್ದನೆಯ ಫಾರ್ಮ್ ಇರುತ್ತೆ: ಅಲರ್ಜಿ ಇದೆಯಾ, ಆಸ್ತಮಾ ಇದೆಯಾ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೋತೀರಾ, ಹಿಂದೆ ಡೈ ಹಾಕಿಸಿಕೊಂಡು ತೊಂದರೆ ಆಗಿತ್ತಾ. ಅಪ್ಪನದ್ದು ಪ್ಲೇನ್ ಸ್ಕ್ಯಾನ್ ಆದ್ದರಿಂದ ಆ ಫಾರ್ಮೇ ಬರಲಿಲ್ಲ. ಡೈ ಬಗ್ಗೆ ಪ್ರಶ್ನೆ ಬರಬಹುದಾಗಿದ್ದ ಒಂದೇ ಒಂದು ಬಾಗಿಲೂ ಅಲ್ಲಿಗೆ ಮುಚ್ಚಿತು.

ರಾತ್ರಿ ಎರಡಕ್ಕೆ ರಿಪೋರ್ಟ್ ಬಂತು. ಕಲ್ಲು ಇದ್ದಲ್ಲೇ ಇದೆ. ಜೊತೆಗೆ ಇನ್ನೊಂದು ಸಾಲು: ಪಿತ್ತಕೋಶದ ತುಂಬ ಬೆಳ್ಳನೆಯ, ಹೆಚ್ಚು ಸಾಂದ್ರತೆಯ ವಸ್ತು ಇದೆ, ಕಲ್ಲುಗಳೋ, ಗಟ್ಟಿಯಾದ ಪಿತ್ತವೋ, ಪ್ರಶ್ನಾರ್ಥಕ ಚಿಹ್ನೆ. ಕೊನೆಗೆ, ಎಲ್ಲ ರಿಪೋರ್ಟುಗಳ ಕೊನೆಗೂ ಇರುವ ಆ ಮಂತ್ರ: 'ಕ್ಲಿನಿಕಲ್ ಕೋರಿಲೇಶನ್ ಮಾಡಿ'. ಅಂದರೆ ರೋಗಿಯನ್ನು ಮುಟ್ಟಿ, ಮಾತಾಡಿಸಿ, ಇದಕ್ಕೂ ಅದಕ್ಕೂ ತಾಳೆ ನೋಡಿ ಅಂತ.

ಶನಿವಾರ ಬೆಳಿಗ್ಗೆ ರೌಂಡ್ಸಿಗೆ ಬಂದ ಕಿರಿಯ ಡಾಕ್ಟರ್, "ಪಿತ್ತಕೋಶದಲ್ಲೂ ಕಲ್ಲು ತುಂಬಿರೋ ಹಾಗಿದೆ, ಸರ್ಜನ್ ಒಪೀನಿಯನ್ ತಗೊಳ್ಳೋಣ, ಬೇಕಾದ್ರೆ ಎರಡೂ ಒಟ್ಟಿಗೇ ಮುಗಿಸಬಹುದು" ಅಂದರು. ಬಿಲ್ಲಿಂಗ್ ಕೌಂಟರಿನಲ್ಲಿ ಎರಡೂ ಆಪರೇಷನ್ನಿನ ಅಂದಾಜು ಲೆಕ್ಕ ಹಾಕಿಕೊಟ್ಟರು. ನಾನೇನಂದೆ ಗೊತ್ತಾ? "ಕಂಪನಿ ಇನ್ಶೂರೆನ್ಸ್ ಇದೆ, ಮಾಡ್ಬಿಡಿ."

ಅಪ್ಪನ ಹೊಟ್ಟೆಯೊಳಗಿನ ಒಂದು ಅಂಗವನ್ನು ತೆಗೆಯೋ ಬಗ್ಗೆ ನಾನು ಯೋಚನೆ ಮಾಡಿದ ಸಮಯ, ಹೊಸ ಫೋನು ಕೊಳ್ಳುವಾಗ ಮಾಡುವಷ್ಟೂ ಇರಲಿಲ್ಲ.

ಅಮ್ಮ ಮಾತ್ರ ಅಂದಳು: "ಅಲ್ಲಾ, ಇವರಿಗೆ ಬಲಗಡೆ ಯಾವತ್ತೂ ನೋವು ಬಂದದ್ದೇ ಇಲ್ವಲ್ಲ. ಮೊನ್ನೆ ಶ್ರಾದ್ಧದ ವಡೆ ಎಂಟು ತಿಂದು ಅರಗಿಸಿಕೊಂಡಿದ್ದಾರೆ." ರಿಪೋರ್ಟಿನಲ್ಲಿ ಕೇಳಿದ್ದ ಕ್ಲಿನಿಕಲ್ ಕೋರಿಲೇಶನ್ ಇಡೀ ಆಸ್ಪತ್ರೆಯಲ್ಲಿ ಮೊದಲು ಮಾಡಿದ್ದು ನಮ್ಮಮ್ಮ. ನಾನು ಅವಳನ್ನು ಸುಮ್ಮನಿರಿಸಿದೆ.

ಸರ್ಜನ್ ನೋಡೋ ಮುಂಚೆ ಒಂದು ಅಲ್ಟ್ರಾಸೌಂಡ್ ಆಗಲಿ ಅಂದರು. ಅಲ್ಲಿ ಕೂತಿದ್ದವರು ವಯಸ್ಸಾದ ಒಬ್ಬ ರೇಡಿಯಾಲಜಿಸ್ಟ್. ಹೊಟ್ಟೆಗೆ ಜೆಲ್ ಹಚ್ಚಿ, ಆ ಕಡೆ ತಿರುಗಿ, ಈ ಕಡೆ ತಿರುಗಿ ಅಂತ ಹೊರಳಾಡಿಸಿ ನೋಡಿದರು. ಪಿತ್ತಕೋಶ ಕನ್ನಡಿ ಹಾಗೆ ಸ್ವಚ್ಛ. ಕಲ್ಲಿದ್ದರೆ ಅಲ್ಟ್ರಾಸೌಂಡಿನಲ್ಲಿ ಅದರ ಹಿಂದೆ ಕಪ್ಪು ನೆರಳು ಬೀಳುತ್ತೆ, ಅದೂ ಇಲ್ಲ. ಅವರು ರಾತ್ರಿಯ ಸ್ಕ್ಯಾನ್ ತೆರೆದು, ಸ್ವಲ್ಪ ಹೊತ್ತು ಮೇಲೆ ಕೆಳಗೆ ಓಡಿಸಿ, ನನ್ನನ್ನು ಕರೆದು ತೋರಿಸಿದರು. "ನೋಡಿ, ಪ್ಲೇನ್ ಸ್ಕ್ಯಾನು ಅಂತ ಇದೆ. ಆದ್ರೆ ಎಡಗಡೆ ಕಿಡ್ನಿ ಬಲಗಡೆಗಿಂತ ಬೆಳ್ಳಗಿದೆ. ಕರುಳಿನಲ್ಲೂ ಅಲ್ಲಲ್ಲಿ ಬಿಳಿ ಇದೆ." ಆಮೇಲೆ ಅಪ್ಪನ ಕಡೆ ತಿರುಗಿ, "ಏನು ಮಾಡ್ಕೊಂಡಿದ್ರಿ ತಾವು?" ಅಂದರು. ಅಪ್ಪ, "ಹೈಸ್ಕೂಲ್ ಮೇಷ್ಟ್ರು, ಕನ್ನಡ" ಅಂದರು.

"ಎರಡು ಮೂರು ದಿನದಲ್ಲಿ ಎಲ್ಲಾದ್ರೂ ಸ್ಕ್ಯಾನ್ ಮಾಡಿಸಿದ್ರಾ? ಮಧ್ಯದಲ್ಲಿ ಕೈಗೆ ಏನೋ ಚುಚ್ಚಿ, ಮೈಯೆಲ್ಲ ಬಿಸಿಯಾಯ್ತಾ ಮೇಷ್ಟ್ರೇ?"

ಅಪ್ಪ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ, "ಹೌದು. ಪಂಚೆಯಲ್ಲೇ ಮೂತ್ರ ಆಗೋಯ್ತು ಅನ್ನಿಸ್ತು. ನಾಚಿಕೆಯಾಗಿ ಯಾರ ಹತ್ರಾನೂ ಹೇಳಿಲ್ಲ."

ಡಾಕ್ಟರ್ ನಕ್ಕರು. "ಆಗಿರಲ್ಲ, ಹಾಗನ್ನಿಸುತ್ತೆ ಅಷ್ಟೆ. ಎಲ್ಲರಿಗೂ ಅನ್ನಿಸುತ್ತೆ. ನಿಮ್ಮ ಪಿತ್ತಕೋಶದಲ್ಲಿ ಇರೋದು ಕಲ್ಲಲ್ಲ, ಮೇಷ್ಟ್ರೇ. ಮೊನ್ನೆಯ ಇಂಜೆಕ್ಷನ್ನು."

ಈಗ ಸ್ವಲ್ಪ ವಿಜ್ಞಾನ. ಬೇಜಾರಾದರೆ ಎರಡು ಪ್ಯಾರಾ ಹಾರಿಸಿ, ಆದರೆ ನನಗೆ ಇದು ಬಹಳ ಖುಷಿ ಕೊಟ್ಟ ಭಾಗ.

ಡೈ ಅಂತಾರೆಯೇ ಹೊರತು ಅದರಲ್ಲಿ ಬಣ್ಣ ಇಲ್ಲ, ನೀರಿನ ಹಾಗಿರುತ್ತೆ. ಅದರಲ್ಲಿರೋದು ಅಯೋಡಿನ್. ಒಂದು ಬೆಂಜೀನ್ ಉಂಗುರಕ್ಕೆ ಮೂರು ಅಯೋಡಿನ್ ಪರಮಾಣು ಕಟ್ಟಿರುತ್ತಾರೆ. ಅಯೋಡಿನ್ ಭಾರದ ಧಾತು, ಪರಮಾಣು ಸಂಖ್ಯೆ 53, ಕ್ಷಕಿರಣವನ್ನು ಚೆನ್ನಾಗಿ ತಡೆಯುತ್ತೆ, ಹಾಗಾಗಿ ಅದು ಹೋದಲ್ಲೆಲ್ಲ ಚಿತ್ರ ಬೆಳ್ಳಗಾಗುತ್ತೆ. ಅಪ್ಪನಿಗೆ ಹಾಕಿದ್ದು 80 ಮಿ.ಲೀ. ಒಂದು ಮಿ.ಲೀ.ಗೆ 300 ಮಿಲಿಗ್ರಾಂ ಅಯೋಡಿನ್ ಇರುವಂಥದ್ದು. ಒಟ್ಟು 24 ಗ್ರಾಂ. ನಮ್ಮ ದೇಹಕ್ಕೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಲೆಕ್ಕ ಹಾಕಿದರೆ ಅಪ್ಪನಿಗೆ ಒಂದು ನಿಮಿಷದೊಳಗೆ ಹೋದದ್ದು ಸುಮಾರು 438 ವರ್ಷದ ರೇಷನ್ನು! ಆದರೆ ಅದು ಉಂಗುರಕ್ಕೆ ಗಟ್ಟಿಯಾಗಿ ಅಂಟಿಕೊಂಡಿರೋದರಿಂದ ದೇಹ ಅದನ್ನು ಬಳಸೋಕಾಗಲ್ಲ. ಬಂದ ಹಾಗೇ ಹೊರಗೆ ಹೋಗುತ್ತೆ.

ಹೋಗುವ ಹೆದ್ದಾರಿ ಕಿಡ್ನಿ. ಕಿಡ್ನಿ ಸರಿಯಿದ್ದರೆ ಸುಮಾರು ಎರಡು ಗಂಟೆಗೊಮ್ಮೆ ರಕ್ತದಲ್ಲಿರುವ ಡೈ ಅರ್ಧಕ್ಕಿಳಿಯುತ್ತೆ. ಗುರುವಾರ ಸಂಜೆ ಐದರಿಂದ ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಮೂವತ್ತು ಗಂಟೆ. ಹದಿನೈದು ಸಲ ಅರ್ಧ. ನಮ್ಮ ವೃತ್ತಿಯವರಿಗೆ ಬಾಯಿಪಾಠ ಇರೋ ಸಂಖ್ಯೆ, 32,768ರಲ್ಲಿ ಒಂದು ಪಾಲು. ಅಂದರೆ ಕಾಗದದ ಮೇಲೆ ಏನೂ ಉಳಿದಿರಬಾರದು. ನಾನು ಮೊದಲು ಡಾಕ್ಟರ್ ಹತ್ತಿರ ವಾದ ಮಾಡಿದ್ದೂ ಇದನ್ನೇ: "ಸರ್, ಅಷ್ಟು ಹೊತ್ತಿಗೆ ಎಲ್ಲ ಹೋಗಿರ್ಬೇಕಲ್ವಾ?"

ಹೋಗಿರುತ್ತೆ, ಆದರೆ ಎಲ್ಲವೂ ಹೆದ್ದಾರಿಯಲ್ಲಿ ಹೋಗೋದಿಲ್ಲ. ನೂರಕ್ಕೆ ಒಂದೆರಡು ಪಾಲು ಯಾವಾಗಲೂ ಒಳದಾರಿ ಹಿಡಿಯುತ್ತೆ. ಲಿವರ್ ಅದನ್ನು ರಕ್ತದಿಂದ ತೆಗೆದು ಪಿತ್ತರಸಕ್ಕೆ ಸೇರಿಸುತ್ತೆ, ಅದು ಪಿತ್ತಕೋಶದಲ್ಲಿ ಕೂರುತ್ತೆ, ನಿಧಾನಕ್ಕೆ ಕರುಳಿಗೆ ಇಳಿಯುತ್ತೆ. ಇದಕ್ಕೆ ವಿಕೇರಿಯಸ್ ಎಕ್ಸ್‌ಕ್ರೀಷನ್ ಅಂತ ಹೆಸರು. ಒಬ್ಬರ ಪಾಳಿ ಇನ್ನೊಬ್ಬರು ಮಾಡೋದು ಅನ್ನಬಹುದು. ಕಿಡ್ನಿ ಸೋತಿದ್ದರೆ, ಅಥವಾ ಅಪ್ಪನ ಹಾಗೆ ಒಂದು ಕಡೆ ದಾರಿ ಕಟ್ಟಿದ್ದರೆ, ಡೈ ರಕ್ತದಲ್ಲಿ ಹೆಚ್ಚು ಹೊತ್ತು ಸುತ್ತುತ್ತೆ, ಲಿವರಿನ ಪಾಲೂ ಹೆಚ್ಚಾಗುತ್ತೆ. ಹೆದ್ದಾರಿಯಲ್ಲಿ ಲಾರಿ ಮಗುಚಿದಾಗ ಹಳ್ಳಿ ರಸ್ತೆಯಲ್ಲಿ ಟ್ರಾಫಿಕ್ ಜಾಸ್ತಿ ಆಗೋ ಹಾಗೆ.

ಒಂದು ಪಾಲಿಗೆ ಇಷ್ಟೊಂದು ಬೆಳ್ಳಗಾಗುತ್ತಾ ಅಂತ ನನ್ನ ಅನುಮಾನ ಇನ್ನೂ ಇತ್ತು. ವಾರ್ಡಿನ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ. 24 ಗ್ರಾಂನಲ್ಲಿ ನೂರಕ್ಕೊಂದು ಅಂದರೆ 240 ಮಿಲಿಗ್ರಾಂ. ಅದರಲ್ಲಿ ಅರ್ಧ ಆಗಲೇ ಕರುಳಿಗೆ ಹೋಯ್ತು ಅನ್ನಿ, 120 ಉಳೀತು. ಪಿತ್ತಕೋಶದಲ್ಲಿ ಹಿಡಿಯೋದು ಸುಮಾರು 40 ಮಿ.ಲೀ. ಹಾಗಾದರೆ ಒಂದು ಮಿ.ಲೀ.ಗೆ 3 ಮಿಲಿಗ್ರಾಂ. ಸಿ.ಟಿ.ಯಲ್ಲಿ ಮಿ.ಲೀ.ಗೆ 1 ಮಿಲಿಗ್ರಾಂ ಅಯೋಡಿನ್ ಇದ್ದರೆ ಸುಮಾರು 25 ಹೌನ್ಸ್‌ಫೀಲ್ಡ್ ಅಂಕ ಏರುತ್ತೆ. ಅಲ್ಲಿಗೆ 75. ಈ ಅಳತೆಯಲ್ಲಿ ನೀರು 0, ಮಾಮೂಲಿ ಪಿತ್ತರಸ 20ರ ಒಳಗೆ, ಲಿವರ್ 60ರ ಆಸುಪಾಸು. ಕಪ್ಪಗೆ ಕಾಣಬೇಕಾದ ಪಿತ್ತಕೋಶ ಪಕ್ಕದ ಲಿವರಿಗಿಂತ ಬೆಳ್ಳಗೆ ಕಾಣೋಕೆ ನೂರಕ್ಕೆ ಅರ್ಧ ಪಾಲು ಡೈ ಸಾಕು! ಇದು ನನ್ನ ಬೆಂಚಿನ ಲೆಕ್ಕ, ಯಾವ ಪುಸ್ತಕದ್ದೂ ಅಲ್ಲ. ಆದರೆ ಲೆಕ್ಕ ಕೂಡಿ ಬಂದಾಗ ಆದ ಸಮಾಧಾನ, ಡಾಕ್ಟರ್ ಹೇಳಿದಾಗಲೂ ಆಗಿರಲಿಲ್ಲ. ನಮ್ಮ ಜಾತಿಯೇ ಹಾಗೆ :-)

ಅಂದ ಹಾಗೆ ಈ ಹೌನ್ಸ್‌ಫೀಲ್ಡ್ ನಮ್ಮ ಕಡೆಯವನೇ, ಎಂಜಿನಿಯರು. ಗಾಡ್‌ಫ್ರೆ ಹೌನ್ಸ್‌ಫೀಲ್ಡ್, ಇ.ಎಂ.ಐ. ಕಂಪನಿಯಲ್ಲಿದ್ದವನು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯನ್ನು ಇವನ ಯಂತ್ರದಲ್ಲಿ ಸ್ಕ್ಯಾನ್ ಮಾಡಿದರು. 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆ ವೈದ್ಯಶಾಸ್ತ್ರದ ನೊಬೆಲ್ ಬಂತು. ಎಂ.ಬಿ.ಬಿ.ಎಸ್. ಸೀಟು ಸಿಗದೆ ಎಂಜಿನಿಯರಿಂಗ್ ಸೇರಿದ ನನ್ನಂಥವರು ಗೋಡೆಗೆ ಫೋಟೋ ಹಾಕಿಕೊಳ್ಳಬೇಕಾದ ಮನುಷ್ಯ.

ಆ ಹಿರಿಯ ಡಾಕ್ಟರ್ ಇನ್ನೊಂದು ವಿಷಯ ಹೇಳಿದರು. ಅವರು ಓದುವ ಕಾಲಕ್ಕೆ ಪಿತ್ತಕೋಶ ನೋಡಬೇಕು ಅಂದರೆ ರಾತ್ರಿ ಊಟ ಆದ ಮೇಲೆ ಆರು ಅಯೋಡಿನ್ ಗುಳಿಗೆ ನುಂಗಿಸಿ, ಬೆಳಿಗ್ಗೆ ಎಕ್ಸ್‌ರೇ ತೆಗೀತಿದ್ದರಂತೆ. ಬೇಕಂತಲೇ ಪಿತ್ತಕೋಶದ ದಾರಿ ಹಿಡಿಯೋ ಹಾಗೆ ಮಾಡಿದ ಔಷಧ. 1924ರಲ್ಲಿ ಅಮೆರಿಕದ ಸೇಂಟ್ ಲೂಯಿಯ ಗ್ರಹಾಂ ಮತ್ತು ಕೋಲ್ ಅನ್ನೋ ಸರ್ಜನ್‌ಗಳು ಈ ಪರೀಕ್ಷೆ ಶುರು ಮಾಡಿದ್ದು. ಆಮೇಲೆ ಅಲ್ಟ್ರಾಸೌಂಡ್ ಬಂದು ಗುಳಿಗೆ ಮರೆಯಾಯ್ತು. "ಬೆಳ್ಳಗಿರೋ ಪಿತ್ತಕೋಶ ಕಂಡ್ರೆ ನಮಗೆ ಸಂತೋಷ ಆಗ್ತಿತ್ತು. ಅದು ಸರಿಯಾಗಿ ಕೆಲಸ ಮಾಡ್ತಿದೆ ಅಂತ ಅರ್ಥ. ಈಗಿನ ಹುಡುಗರು ಗಾಬರಿ ಬೀಳ್ತಾರೆ" ಅಂದರು. ಒಂದು ಕಾಲದ ಉತ್ತರ ಇನ್ನೊಂದು ಕಾಲಕ್ಕೆ ಪ್ರಶ್ನೆ.

ಸರಿ, ಕಥೆ ಮುಗಿಸ್ತೀನಿ. ಮೂತ್ರನಾಳದ ಕಲ್ಲನ್ನು ಲೇಸರಿನಲ್ಲಿ ಪುಡಿ ಮಾಡಿ ಸ್ಟೆಂಟ್ ಹಾಕಿದರು. ಎರಡು ವಾರಕ್ಕೆ ಕ್ರಿಯಾಟಿನಿನ್ 1.0ಕ್ಕೆ ಇಳಿಯಿತು. ಪಿತ್ತಕೋಶ ಅಪ್ಪನ ಹತ್ತಿರವೇ ಇದೆ, ವಡೆಗೆ ಕಾಯ್ತಾ ಇದೆ.

ಇದನ್ನೆಲ್ಲ ನನ್ನ ದೊಡ್ಡಪ್ಪನ ಮಗನಿಗೆ, ಮಂಗಳೂರಿನಲ್ಲಿ ಡಾಕ್ಟರಾಗಿರೋ ಅಣ್ಣನಿಗೆ, ಫೋನಿನಲ್ಲಿ ಹೇಳಿ ಹಾರಾಡಿದೆ. ಅವನು ಪೂರ್ತಿ ಕೇಳಿ, "ಮಾರಾಯ, ಇದು ರೇಡಿಯಾಲಜಿ ಓದೋ ಎಲ್ಲ ಹುಡುಗರಿಗೂ ಗೊತ್ತಿರೋ ವಿಷಯ. ಕಿಡ್ನಿ ಸರಿ ಇರೋರಲ್ಲೂ ಕಾಣುತ್ತೆ. ಅಲ್ಟ್ರಾಸೌಂಡ್ ನೋಡ್ದೆ ಯಾವ ಸರ್ಜನ್ನೂ ಪಿತ್ತಕೋಶಕ್ಕೆ ಕೈ ಹಾಕಲ್ಲ. ನೀನು ಸುಮ್ನೆ ಪಿಕ್ಚರ್ ಮಾಡ್ತಿದೀಯ" ಅಂದ.

ಅವನ ಮಾತಿನಲ್ಲಿ ಮುಕ್ಕಾಲು ಸರಿ. ಆಪರೇಷನ್ ಖಂಡಿತ ಆಗ್ತಿರಲಿಲ್ಲ, ಒಪ್ಪಿದೆ. ರಾತ್ರಿ ಎರಡು ಗಂಟೆಗೆ ರಿಪೋರ್ಟ್ ಬರೆದವರ ಮೇಲೂ ನನಗೆ ಸಿಟ್ಟಿಲ್ಲ. ಅವರಿಗೆ ಕೊಟ್ಟದ್ದು ಒಂದು ಚೀಟಿ, ಅದರಲ್ಲಿ ನಾಲ್ಕು ಪದ. ಪ್ಲೇನ್ ಅಂತ ಹೆಸರಿರೋ ಸ್ಕ್ಯಾನಿನಲ್ಲಿ ಡೈ ಯಾಕೆ ಹುಡುಕ್ತಾರೆ? ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರಲ್ಲ, ಅದೇ ಪ್ರಾಮಾಣಿಕತೆ.

ನನ್ನ ತಕರಾರು ಉಳಿದ ಕಾಲು ಭಾಗದ ಬಗ್ಗೆ. ಅಲ್ಟ್ರಾಸೌಂಡ್ ಸ್ವಚ್ಛ, ಸ್ಕ್ಯಾನಿನಲ್ಲಿ ಬಿಳಿ. ಎರಡೂ ಹೊಂದದೇ ಇದ್ದಾಗ ಏನಾಗುತ್ತೆ? ಆ ಹಿರಿಯರ ಜಾಗದಲ್ಲಿ ಬೇರೆ ಯಾರೋ ಇದ್ದು, ಕಿಡ್ನಿ ಬೆಳ್ಳಗಿರೋದನ್ನು ಗಮನಿಸದೇ ಇದ್ದಿದ್ದರೆ ಮುಂದಿನ ಮೆಟ್ಟಿಲು ಎಂ.ಆರ್.ಐ. ಇನ್ನೆರಡು ದಿನ, ಇನ್ನಷ್ಟು ಸಾವಿರ, ಅಪ್ಪನಿಗೆ ಇನ್ನೆರಡು ರಾತ್ರಿ ನಿದ್ದೆಯಿಲ್ಲ. ಕಂಪನಿ ಇನ್ಶೂರೆನ್ಸ್ ಇಲ್ಲದ, ಅಡಿಕೆ ಮಂಡಿಯಲ್ಲಿ ಸಾಲ ಎತ್ತಿ ಬಂದ ಮನೆಯವರಾದರೆ? ಈ ಕಡೆ ಇನ್ನೊಂದು ಅಪಾಯವೂ ಇದೆ. ಡೈ ತುಂಬಿದ ಪಿತ್ತಕೋಶದಲ್ಲಿ ನಿಜವಾದ ಕಲ್ಲಿದ್ದರೆ ಅದು ಆ ಬಿಳಿಯಲ್ಲಿ ಮುಚ್ಚಿಹೋಗಬಹುದು. ಅಪಘಾತ ಆಗಿ ಬಂದವರ ಹೊಟ್ಟೆಯಲ್ಲಿ ಹಳೇ ಡೈಯನ್ನು ಹೊಸ ರಕ್ತಸ್ರಾವ ಅಂದುಕೊಳ್ಳೋ ಸಾಧ್ಯತೆಯೂ ಇದೆ. ಇವೆಲ್ಲಕ್ಕೂ ಮದ್ದು ಒಂದೇ ಒಂದು ಮಾಹಿತಿ: ಡೈ ಹೋದದ್ದು ಯಾವತ್ತು, ಎಷ್ಟು ಗಂಟೆಗೆ.

ನಮ್ಮ ಆಫೀಸಿನಲ್ಲಿ ಸಮಯ ಇಲ್ಲದ ಲಾಗ್ ಫೈಲ್ ಯಾರಾದರೂ ಕಳಿಸಿದರೆ ಮುಖಕ್ಕೇ ವಾಪಸ್ ಎಸೀತೀವಿ. ಆಸ್ಪತ್ರೆಯ ಫಾರ್ಮಿನಲ್ಲಿ 'ಹಿಂದೆ ಡೈಯಿಂದ ತೊಂದರೆ ಆಗಿತ್ತಾ' ಅಂತ ಇದೆ. ಹೌದು ಅಥವಾ ಇಲ್ಲ. 'ಯಾವಾಗ ಹಾಕಿಸಿಕೊಂಡಿರಿ' ಅಂತ ಇಲ್ಲ. ಅದೂ ಡೈ ಹಾಕುವವರಿಗೆ ಮಾತ್ರ ಇರೋ ಪ್ರಶ್ನೆ. ನಿಜ ಹೇಳಬೇಕೆಂದರೆ ಪ್ಲೇನ್ ಸ್ಕ್ಯಾನಿಗೆ ಬರುವವರನ್ನೇ ಮೊದಲು ಕೇಳಬೇಕು, ಯಾಕೆಂದರೆ ಅಲ್ಲೇ ಬಿಳಿ ಕಂಡರೆ ಗೊಂದಲ.

ತಂತ್ರಜ್ಞಾನ ಇಲ್ಲ ಅನ್ನೋ ಹಾಗೂ ಇಲ್ಲ. ಸ್ಕ್ಯಾನ್ ಚಿತ್ರಗಳಿಗೆ ಡೈಕಾಮ್ ಅನ್ನೋ ಒಂದು ಪದ್ಧತಿ ಇದೆ, ಆ ಹೆಸರಿನಲ್ಲಿ 1993ರಿಂದ. ಪ್ರತಿ ಚಿತ್ರದ ತಲೆಯಲ್ಲಿ ಹೆಸರು, ದಿನಾಂಕ ಎಲ್ಲ ಅಡಗಿರುತ್ತೆ. ಯಾವ ಡೈ, ಎಷ್ಟು ಮಿ.ಲೀ., ಎಷ್ಟು ಗಂಟೆಗೆ, ಮೂರಕ್ಕೂ ಬೇರೆ ಬೇರೆ ಖಾನೆ ಇದೆ. ಊರಿಗೆ ಹೋದಾಗ ಮಂಚದ ಮೇಲಿದ್ದ ಆ ಸಿ.ಡಿ. ತೆಗೆದು ನೋಡಿದೆ. ಡೈ ಹೆಸರಿನ ಖಾನೆ ತುಂಬಿದ್ದರು. ಉಳಿದೆರಡು ಖಾಲಿ. 80 ಮಿ.ಲೀ. ಅನ್ನೋದು ಸಿಕ್ಕಿದ್ದು ರಿಪೋರ್ಟಿನ ಕೆಳಗಿನ ಸಣ್ಣಕ್ಷರದಲ್ಲಿ. ಖಾನೆ ತುಂಬಿದ್ದರೂ ಏನು ಪ್ರಯೋಜನ, ಸಿ.ಡಿ. ಮಂಚದ ಮೇಲೆ ಇದ್ದರೆ? ದೇಶಕ್ಕೆಲ್ಲ ಒಂದೇ ಡಿಜಿಟಲ್ ಆರೋಗ್ಯ ಖಾತೆ ಅಂತ ಕೇಂದ್ರ ಸರ್ಕಾರ 2021ರ ಸೆಪ್ಟೆಂಬರಿನಲ್ಲಿ ಶುರು ಮಾಡಿದೆ. ಅಪ್ಪನದ್ದೂ ಒಂದು ನಂಬರ್ ಇದೆ, ಕಾರ್ಡು ಲ್ಯಾಮಿನೇಟ್ ಮಾಡಿಸಿಟ್ಟಿದ್ದಾರೆ. ಆ ರಾತ್ರಿ ಯಾರೂ ಕೇಳಲಿಲ್ಲ, ನಮಗೂ ನೆನಪಾಗಲಿಲ್ಲ.

ಹಾಗಾಗಿ ನನಗೆ ದೊಡ್ಡ ಸಾಫ್ಟ್‌ವೇರ್ ಮೇಲೆ ಭರವಸೆ ಕಮ್ಮಿ (ಅದನ್ನೇ ಬರೆದು ಹೊಟ್ಟೆ ಹೊರೆಯೋನು ಹೇಳ್ತಿದೀನಿ!). ಒಂದು ಚೀಟಿ ಸಾಕು. ಡೈ ಹಾಕಿದ ಮೇಲೆ ಎಲ್ಲ ಸ್ಕ್ಯಾನ್ ಸೆಂಟರಿನವರೂ ಹಿಂದಿನ ಕಾಲದ ಬಸ್ ಟಿಕೆಟ್ಟಿನಷ್ಟು ದೊಡ್ಡ ಚೀಟಿ ಕೊಡಲಿ. ಕನ್ನಡದಲ್ಲಿ. ದಿನಾಂಕ, ಗಂಟೆ, ಔಷಧದ ಹೆಸರು, ಪ್ರಮಾಣ. 'ಮೂರು ನಾಲ್ಕು ದಿನದೊಳಗೆ ಬೇರೆ ಎಲ್ಲಾದರೂ ಎಕ್ಸ್‌ರೇ, ಸ್ಕ್ಯಾನ್ ಮಾಡಿಸಿದರೆ ಇದನ್ನು ತೋರಿಸಿ' ಅಂತ ಒಂದು ಸಾಲು. ಪೋಲಿಯೋ ಹನಿ ಹಾಕಿದ ಮಗುವಿನ ಬೆರಳಿಗೆ ಗುರುತು ಹಾಕೋ ದೇಶ ನಮ್ಮದು, ಇದೇನು ಮಹಾ?

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಇದನ್ನು ಓದಿ ಯಾರೂ ಡೈ ಅಂದರೆ ವಿಷ ಅಂದುಕೊಳ್ಳಬೇಡಿ. ನಮ್ಮ ಚಿಕ್ಕಪ್ಪನ ವಾಟ್ಸಾಪ್ ಗುಂಪಿನಲ್ಲಿ ಆಗಲೇ 'ಡೈಯಿಂದ ಕಿಡ್ನಿ ಫೇಲ್' ಅಂತ ಶುರುವಾಗಿದೆ. 2020ರಲ್ಲಿ ಅಮೆರಿಕದ ರೇಡಿಯಾಲಜಿ ಕಾಲೇಜು ಮತ್ತು ಕಿಡ್ನಿ ಫೌಂಡೇಶನ್ ಸೇರಿ ಹೇಳಿದ್ದು, ಈ ಅಪಾಯವನ್ನು ಬಹಳ ಕಾಲ ಇದ್ದದ್ದಕ್ಕಿಂತ ಹೆಚ್ಚು ಮಾಡಿ ಹೇಳಿಕೊಂಡು ಬಂದಿದ್ದಾರೆ ಅಂತ. ಕಿಡ್ನಿ ಆಗಲೇ ಬಹಳ ಸೋತಿರುವವರಲ್ಲಿ ಎಚ್ಚರ ಬೇಕು, ಉಳಿದವರು ಬೇಕಾದ ಸ್ಕ್ಯಾನನ್ನು ಹೆದರಿ ಬಿಡೋದು ದಡ್ಡತನ. ಹಾಗೇ ರಿಪೋರ್ಟಿನಲ್ಲಿ ವಿಕೇರಿಯಸ್ ಎಕ್ಸ್‌ಕ್ರೀಷನ್ ಅಂತ ಬಂದರೆ ಅದೇ ಒಂದು ಕಾಯಿಲೆ ಅಲ್ಲ. ಕ್ರಿಯಾಟಿನಿನ್ ಒಮ್ಮೆ ನೋಡಿಸಿ, ಸರಿಯಿದ್ದರೆ ನಿದ್ದೆ ಮಾಡಿ. ಈ ಪದ ಗೂಗಲ್ ಮಾಡಿ ಮೊದಲ ಪುಟದಲ್ಲೇ 'ಕಿಡ್ನಿ ವೈಫಲ್ಯ' ಕಂಡು ನಾನು ಅರ್ಧ ಗಂಟೆ ಬೆವರಿದ್ದು ಸಾಕು.

ಇನ್ನು ಆ ರಿಪೋರ್ಟಿನ ಕಥೆ. ಡಿಸ್ಚಾರ್ಜ್ ಆಗುವಾಗ ಫೈಲಿನಲ್ಲಿ ನೋಡಿದರೆ ರಾತ್ರಿ ಎರಡು ಗಂಟೆಯ ರಿಪೋರ್ಟ್ ಹಾಗೇ ಇತ್ತು. ಪಿತ್ತಕೋಶದಲ್ಲಿ ಕಲ್ಲು, ಪ್ರಶ್ನಾರ್ಥಕ ಚಿಹ್ನೆ ಸಮೇತ. ಐದು ವರ್ಷ ಬಿಟ್ಟು ಯಾವುದೋ ಇನ್ಶೂರೆನ್ಸಿನವರು ಇದನ್ನೇ ಹಿಡಿದು 'ಮೊದಲೇ ಇದ್ದ ಕಾಯಿಲೆ' ಅಂದರೆ? ಆಗ ಆ ಪ್ರಶ್ನಾರ್ಥಕ ಚಿಹ್ನೆ ಯಾರ ಕಣ್ಣಿಗೂ ಕಾಣಲ್ಲ. ಸರಿಪಡಿಸಿ ಕೊಡಿ ಅಂತ ಕೇಳಿದೆ. ರೆಕಾರ್ಡ್ ವಿಭಾಗದವರು ರೇಡಿಯಾಲಜಿಗೆ ಹೋಗಿ ಅಂದರು, ರೇಡಿಯಾಲಜಿಯವರು ಬಿಲ್ಲಿಂಗಿಗೆ ಹೋಗಿ ಅಂದರು, ಬಿಲ್ಲಿಂಗಿನವನು ಪಾಪ ನನ್ನನ್ನೇ ಕೇಳಿದ, "ಇದಕ್ಕೆ ಎಷ್ಟು ಬಿಲ್ ಮಾಡ್ಲಿ ಸರ್?" ಹಿಂದಿನ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲಿ ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ಇದೆ, ಅದನ್ನು ಉದ್ಧರಿಸಿ ಒಂದು ಪತ್ರ ಬರೆದೆ. ತಪ್ಪು ತಿದ್ದಿ ಕೊಡೋಕೆ ಎಷ್ಟು ಗಂಟೆ ಅನ್ನೋದು ಅದರಲ್ಲಿಲ್ಲ ನೋಡಿ. ಎರಡು ವಾರ ಆದ ಮೇಲೆ ಒಂದು ಪುಟ ಬಂತು. ಹಿಂದಿನ ದಿನ ಬೇರೆಡೆ ಡೈ ಹಾಕಿ ಸ್ಕ್ಯಾನ್ ಆಗಿದ್ದ ಹಿನ್ನೆಲೆಯಲ್ಲಿ, ಪಿತ್ತಕೋಶದಲ್ಲಿ ಕಂಡದ್ದು ಅದೇ ಡೈ, ಕಲ್ಲಲ್ಲ. ಕೆಳಗೆ ಸಹಿ. ಆ ಪುಟವನ್ನೂ ಅಪ್ಪ ಲ್ಯಾಮಿನೇಟ್ ಮಾಡಿಸಿದ್ದಾರೆ.

ನಿಮ್ಮ ಮನೆಯಲ್ಲೂ ಇಂಥ ಪ್ರಶ್ನಾರ್ಥಕ ಚಿಹ್ನೆಗಳು ಫೈಲಿನಲ್ಲಿ ಮಲಗಿರಬಹುದು. ಒಮ್ಮೆ ತೆಗೆದು ನೋಡಿ.

ಕಳೆದ ವಾರ ಊರಿಗೆ ಹೋದಾಗ ಆ ಚೀಟಿಯ ಕರಡು ಮಾಡಿಕೊಂಡು ಹೋಗಿದ್ದೆ, ಶಿವಮೊಗ್ಗದ ಸ್ಕ್ಯಾನ್ ಸೆಂಟರಿಗೆ ಕೊಡೋಣ ಅಂತ. ಜೊತೆಗೆ ಫಾರ್ಮಿಗೆ ಸೇರಿಸಬೇಕಾದ ಪ್ರಶ್ನೆ: 'ಕಳೆದ 96 ಗಂಟೆಗಳಲ್ಲಿ ತಮಗೆ ಅಯೋಡಿನ್‌ಯುಕ್ತ ವ್ಯತ್ಯಾಸದರ್ಶಕ ದ್ರವ್ಯವನ್ನು ಅಭಿಧಮನಿಯ ಮೂಲಕ ನೀಡಲಾಗಿದೆಯೇ?' ಬಹಳ ಕಷ್ಟಪಟ್ಟು ಮಾಡಿದ ಕನ್ನಡ. ಅಪ್ಪ ಕನ್ನಡಕ ಏರಿಸಿ ಓದಿ, ಕೆಂಪು ಪೆನ್ನು ತರಿಸಿದರು.

"ಇದು ಯಾರಿಗೋ ಅರ್ಥ ಆಗೋದು? ನನಗೇ ಆಗ್ಲಿಲ್ಲ."

"ಮತ್ತೆ ಹ್ಯಾಗೆ ಬರೀಬೇಕಪ್ಪ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಸಾಲನ್ನು ಪೂರ್ತಿ ಹೊಡೆದು ಹಾಕಿ, ಕೆಳಗೆ ಅವರದ್ದೇ ದುಂಡಗಿನ ಅಕ್ಷರದಲ್ಲಿ ಬರೆದರು. 'ನಾಲ್ಕು ದಿನದೊಳಗೆ ಸ್ಕ್ಯಾನ್ ಮಾಡುವಾಗ ಕೈಗೆ ಚುಚ್ಚಿ ಔಷಧ ಹಾಕಿದ್ದರೇ? ಆಗ ಮೈಯೆಲ್ಲ ಬಿಸಿಯಾಯಿತೇ? ಮೂತ್ರ ಆದಂತೆ ಅನ್ನಿಸಿತೇ? ಎಲ್ಲರಿಗೂ ಹಾಗೆ ಅನ್ನಿಸುತ್ತದೆ, ನಾಚಿಕೆ ಬೇಡ, ಹೇಳಿ.'

ಸ್ಕ್ಯಾನ್ ಸೆಂಟರಿನ ಮ್ಯಾನೇಜರ್ ಅದನ್ನು ಎರಡು ಸಲ ಓದಿದರು. ಮೊದಲನೇ ಸಲ ನಕ್ಕರು. ಎರಡನೇ ಸಲ ಓದಿ, ಡಾಕ್ಟರಿಗೆ ತೋರಿಸ್ತೀನಿ ಅಂತ ಮೇಜಿನ ಗಾಜಿನಡಿ ಇಟ್ಟುಕೊಂಡರು. ಮುಂದಿನ ತಿಂಗಳು ಅಪ್ಪನ ಚೆಕಪ್ಪಿಗೆ ಆ ಕಡೆ ಹೋಗೋದಿದೆ, ಅಲ್ಲೇ ಇದೆಯಾ ಅಂತ ನೋಡ್ತೀನಿ.